ಬೋರ್ ನೀರಿನ ಮನೆಗೆ ಯಾವುದು ಸರಿ: ಸಾಫ್ಟನರ್, ಆರ್‌ಒ, ಕ್ಯಾನ್, ಇಲ್ಲಾ ಮಳೆನೀರು?

ನೀರಿನ ಯಂತ್ರ ಮಾರುವವರ ಬ್ಯಾಗಿನಲ್ಲಿ ಸಾಮಾನ್ಯವಾಗಿ ಎರಡು ಸಾಮಾನು ಇರುತ್ತವೆ. ಒಂದು, ಪೆನ್ನಿನಷ್ಟುದ್ದದ ಟಿಡಿಎಸ್ ಮೀಟರ್ (ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಒಟ್ಟು ಲವಣ). ಇನ್ನೊಂದು, ಲೋಹದ ಕಡ್ಡಿಗಳಿರುವ ಕರೆಂಟಿನ ಡಬ್ಬಿ. ನಿಮ್ಮ ನಲ್ಲಿ ನೀರು ಒಂದು ಲೋಟ, ಅವರ ಆರ್‌ಒ ನೀರು, ಅಂದರೆ ಮೆಂಬ್ರೇನ್ ಎಂಬ ಸೂಕ್ಷ್ಮ ಪೊರೆಯಲ್ಲಿ ಸೋಸಿದ ನೀರು, ಒಂದು ಲೋಟ. ಕಡ್ಡಿ ಮುಳುಗಿಸಿ ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ನಿಮ್ಮ ಲೋಟದಲ್ಲಿ ಕಂದು ಬಣ್ಣದ ಕೆಸರು ಏಳುತ್ತದೆ. ಅವರ ಲೋಟ ತಿಳಿಯಾಗಿಯೇ ಇರುತ್ತದೆ. "ನೋಡಿ ಮೇಡಂ, ಇದನ್ನೇ ನೀವು ಮಕ್ಕಳಿಗೆ ಕುಡಿಸ್ತಿರೋದು."

ಆ ಕೆಸರು ನೀರಿನದಲ್ಲ, ಕಡ್ಡಿಯದು. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಚೆನ್ನಾಗಿ ಹರಿಯುತ್ತದೆ. ಆಗ ಕಬ್ಬಿಣದ ಕಡ್ಡಿ ಕರಗಿ ತುಕ್ಕಾಗಿ ಹೊರಬರುತ್ತದೆ. ಅವರ ಲೋಟಕ್ಕೂ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ, ಮತ್ತೆ ಸ್ವಿಚ್ ಹಾಕಿ ಅನ್ನಿ. ಅದೂ ಕಂದಾಗುತ್ತದೆ. ಮಾತು ಅಲ್ಲಿಗೆ ನಿಲ್ಲುತ್ತದೆ.

ವೈಟ್‌ಫೀಲ್ಡ್, ಸರ್ಜಾಪುರ, ಹೊಸಕೋಟೆ ಕಡೆಯ ಲೇಔಟುಗಳಲ್ಲಿ, ಇನ್ನೂ ಆಚೆ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಬೋರ್‌ವೆಲ್ ನಂಬಿ ಬದುಕುವವರಿಗೆ ಈ ನಾಟಕ ಹೊಸದಲ್ಲ. ಇಲ್ಲಿನ ನೆಲದಡಿ ಗ್ರಾನೈಟ್, ನೈಸ್ (gneiss) ಎಂಬ ಗಟ್ಟಿ ಬಂಡೆ. ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಬಂಡೆಯಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಮೇಲೆ ಬರುತ್ತದೆ. ಇದೇ ಗಡಸು ನೀರು. ಮಂಗಳೂರಿನ ಬಾವಿ ನೀರಲ್ಲಿ ಬೆಳೆದವರು ಇಲ್ಲಿಗೆ ಬಂದರೆ ಮೊದಲ ವಾರವೇ ಕೇಳುತ್ತಾರೆ, ಈ ಸೋಪು ಯಾಕೆ ನೊರೆ ಬರಲ್ಲ ಅಂತ.

ನಾವು ಸಾಮಾನ್ಯವಾಗಿ ಎರಡು ಬೇರೆ ಬೇರೆ ತೊಂದರೆಗಳನ್ನು ಒಂದೇ ಗಂಟಿಗೆ ಕಟ್ಟುತ್ತೇವೆ. ನಲ್ಲಿಗೆ ಉಪ್ಪು ಕಟ್ಟುವುದು, ಕೂದಲು ಒರಟಾಗುವುದು, ಬೇಳೆ ಬೇಯದಿರುವುದು ಒಂದು ತೊಂದರೆ. ಇದು ಕಣ್ಣಿಗೆ ಕಾಣುತ್ತದೆ, ಆದರೆ ಆರೋಗ್ಯಕ್ಕೆ ಅಷ್ಟೇನೂ ಕೆಡುಕಲ್ಲ. ಫ್ಲೋರೈಡ್, ನೈಟ್ರೇಟ್, ಕೊಳಚೆಯ ಬ್ಯಾಕ್ಟೀರಿಯಾ ಇನ್ನೊಂದು ತೊಂದರೆ. ಇವು ಕಾಣುವುದಿಲ್ಲ, ರುಚಿಯೂ ಗೊತ್ತಾಗುವುದಿಲ್ಲ. ಮೊದಲನೆಯದಕ್ಕೆ ಹೆದರಿ ಎರಡನೆಯದರ ಯಂತ್ರ ತರುವುದು, ಎರಡನೆಯದು ಇದ್ದಾಗ ಮೊದಲನೆಯದರ ಯಂತ್ರ ತರುವುದು, ಎರಡೂ ದಿನಾ ನಡೆಯುತ್ತಿದೆ.

ಮೊದಲು ಅಂಕಿ, ಆಮೇಲೆ ಯಂತ್ರ

ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಎಂಬುದನ್ನು. ಅದರಿಂದ ಒಟ್ಟು ಲವಣ ಎಷ್ಟಿರಬಹುದು ಎಂಬ ಅಂದಾಜು ಸಿಗುತ್ತದೆ, ಅಷ್ಟೇ. ಅದರಲ್ಲಿ ಗಡಸುತನ ಎಷ್ಟು, ಫ್ಲೋರೈಡ್ ಎಷ್ಟು, ಕೊಳಚೆ ಸೇರಿದೆಯೋ ಇಲ್ಲವೋ, ಯಾವುದನ್ನೂ ಅದು ಹೇಳಲಾರದು.

ಗಡಸುತನಕ್ಕೆ ಬೇರೆ ಕಿಟ್ ಸಿಗುತ್ತದೆ, ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿ. ಪುಟ್ಟ ಶೀಶೆಯಲ್ಲಿ ಗೆರೆವರೆಗೆ ನೀರು ತೆಗೆದುಕೊಳ್ಳಿ. ಮೊದಲ ಬಾಟಲಿಯ ದ್ರವ ಕೆಲವು ಹನಿ, ಆಮೇಲೆ ಬಣ್ಣದ ಪುಡಿ ಸ್ವಲ್ಪ. ನೀರು ದ್ರಾಕ್ಷಿ ರಸದ ಕೆಂಪಿಗೆ ತಿರುಗುತ್ತದೆ. ಈಗ ಮೂರನೇ ಬಾಟಲಿಯಿಂದ ಒಂದೊಂದೇ ಹನಿ ಹಾಕುತ್ತಾ, ಶೀಶೆ ಅಲ್ಲಾಡಿಸುತ್ತಾ, ಎಣಿಸಿ. ಬಹಳ ಹೊತ್ತು ಕೆಂಪಾಗಿಯೇ ಇರುತ್ತದೆ. ನಂತರ ನೇರಳೆ ಛಾಯೆ. ಇನ್ನೊಂದೆರಡು ಹನಿಗೆ ಪಕ್ಕನೆ ನೀಲಿ. ಅಲ್ಲಿಗೆ ನಿಲ್ಲಿಸಿ. ಒಂದು ಹನಿಗೆ 25 ಎಂದು ಕಿಟ್ ಮೇಲೆ ಬರೆದಿದ್ದರೆ, 22 ಹನಿ ಆದಾಗ ನಿಮ್ಮ ಗಡಸುತನ ಲೀಟರಿಗೆ 550 ಮಿ.ಗ್ರಾಂ.

ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಗಡಸುತನ 200ರೊಳಗೆ ಇದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಟಿಡಿಎಸ್‌ಗೆ ಇದೇ ಲೆಕ್ಕ 500 ಮತ್ತು 2000. ಫ್ಲೋರೈಡ್ 1 ಮಿ.ಗ್ರಾಂ, ಹೆಚ್ಚೆಂದರೆ 1.5. ನೈಟ್ರೇಟ್ 45, ಅದಕ್ಕೆ ರಿಯಾಯಿತಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯಂತೂ ಗಡಸುತನಕ್ಕೆ ಆರೋಗ್ಯದ ಮಿತಿಯನ್ನೇ ಹಾಕಿಲ್ಲ. ಗಡಸು ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲು ಅನ್ನುವ ಮಾತು ಎಲ್ಲ ಬೀದಿಯಲ್ಲೂ ಇದೆ, ಆದರೆ ಸಾಬೀತಾಗಿಲ್ಲ. ನೀರನ್ನೇ ಕಡಿಮೆ ಕುಡಿಯುವುದು ಅದಕ್ಕಿಂತ ದೊಡ್ಡ ಕಾರಣ.

ಫ್ಲೋರೈಡ್, ನೈಟ್ರೇಟ್, ಬ್ಯಾಕ್ಟೀರಿಯಾಗೆ ಲ್ಯಾಬೇ ಗತಿ. ಹಳ್ಳಿಯಲ್ಲಿದ್ದರೆ ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಜಿಲ್ಲಾ, ತಾಲ್ಲೂಕು ಲ್ಯಾಬ್‌ಗಳಲ್ಲಿ ಕಡಿಮೆ ಶುಲ್ಕಕ್ಕೆ ಆಗುತ್ತದೆ. ನಗರದಲ್ಲಿ ಖಾಸಗಿ ಲ್ಯಾಬ್‌ಗಳು ಬೇಕಾದಷ್ಟಿವೆ. ಲ್ಯಾಬ್‌ಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಇದೆಯಾ ಕೇಳಿ. ಯಂತ್ರ ಮಾರುವವರೇ ಮಾಡಿಕೊಡುವ ಫ್ರೀ ಟೆಸ್ಟ್ ಲೆಕ್ಕಕ್ಕಿಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಫ್ಲೋರೈಡ್ ಅದರ ಜೊತೆ ಸೇರಿ ಗಟ್ಟಿಯಾಗಿ ಕೆಳಗಿಳಿಯುತ್ತದೆ. ಕ್ಯಾಲ್ಸಿಯಂ ಕಡಿಮೆ ಇರುವ ಬೋರ್ ನೀರಿನಲ್ಲೇ ಫ್ಲೋರೈಡ್ ಹೆಚ್ಚಾಗುವ ಸಾಧ್ಯತೆ ಜಾಸ್ತಿ. ಹಾಗಾಗಿ ಪಾವಗಡ, ಕೋಲಾರ, ಮುಂಡರಗಿಯಂಥ ಕಡೆ "ನಮ್ಮ ಬೋರ್ ನೀರು ಮೆದುವಾಗಿದೆ, ಸೋಪು ಚೆನ್ನಾಗಿ ನೊರೆ ಬರುತ್ತೆ" ಅಂದುಕೊಂಡು ನಿಶ್ಚಿಂತೆಯಿಂದ ಇರಬೇಡಿ. ಎಂಟು ವರ್ಷದೊಳಗಿನ ಮಕ್ಕಳು ಮನೆಯಲ್ಲಿದ್ದರೆ ಈ ಒಂದು ಟೆಸ್ಟ್ ಬಿಡಲೇಬೇಡಿ. ಅವರ ಹಲ್ಲು ಇನ್ನೂ ಒಳಗೆ ಬೆಳೆಯುತ್ತಿರುತ್ತದೆ, ಕಲೆ ಬಿದ್ದರೆ ಹೋಗುವುದಿಲ್ಲ.

ಸಾಫ್ಟನರ್: ಸ್ನಾನಕ್ಕೆ, ಬಟ್ಟೆಗೆ, ಪೈಪಿಗೆ

ಇದರ ಒಳಗಿರುವುದು ರೆಸಿನ್ ಎಂಬ ಸಣ್ಣ ಹಳದಿ ಮಣಿಗಳು. ನೀರು ಹಾದು ಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿ ತುಂಬಿದ ಮೇಲೆ ಉಪ್ಪು ನೀರು ಹರಿಸಿ ತೊಳೆದರೆ ಮತ್ತೆ ಕೆಲಸಕ್ಕೆ ಸಿದ್ಧ. ಒಂದನ್ನು ಕೊಟ್ಟು ಇನ್ನೊಂದನ್ನು ತೆಗೆದುಕೊಳ್ಳುವುದರಿಂದ ಟಿಡಿಎಸ್ ಇಳಿಯುವುದಿಲ್ಲ. ಸಾಫ್ಟನರ್ ಹಾಕಿಸಿ ಟಿಡಿಎಸ್ ಮೀಟರ್ ಅದ್ದಿ "ಮೋಸ ಆಯ್ತು" ಅನ್ನುವವರಿದ್ದಾರೆ. ಮೋಸ ಅಲ್ಲ, ಅದು ಇರುವುದೇ ಹಾಗೆ. ಹನಿ ಕಿಟ್‌ನಲ್ಲಿ ನೋಡಿ.

ಕೊಳ್ಳುವ ಮೊದಲು ಒಂದು ಲೆಕ್ಕ ಹಾಕಿಕೊಳ್ಳಿ. ಒಂದು ಲೀಟರ್ ರೆಸಿನ್ ಒಂದು ಸಲಕ್ಕೆ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ. ನಿಮ್ಮ ನೀರು 500 ಇದ್ದರೆ, ಲೀಟರ್ ರೆಸಿನ್‌ಗೆ 100 ಲೀಟರ್ ನೀರು. 25 ಲೀಟರ್ ರೆಸಿನ್ ಇರುವ ಯಂತ್ರಕ್ಕೆ 2500 ಲೀಟರ್. ತಲೆಗೆ ದಿನಕ್ಕೆ 135 ಲೀಟರ್‌ನಂತೆ ನಾಲ್ಕು ಜನಕ್ಕೆ 540 ಲೀಟರ್ ಆಯಿತು. ಅಂದರೆ ನಾಲ್ಕೈದು ದಿನಕ್ಕೊಮ್ಮೆ ತೊಳೆಯಬೇಕು, ಪ್ರತಿ ಸಲ ಸುಮಾರು 3 ಕೆಜಿ ಉಪ್ಪು, ತೊಳೆಯಲು ಇನ್ನೂರು ಲೀಟರ್ ಆಸುಪಾಸು ನೀರು. ತಿಂಗಳಿಗೆ 20 ಕೆಜಿ ಉಪ್ಪು ಹೊತ್ತು ತಂದು ಹಾಕಲು ಮನೆಯಲ್ಲಿ ಯಾರು ಸಿದ್ಧ? ಇದನ್ನು ಮೊದಲೇ ತೀರ್ಮಾನಿಸಿ. ಉಪ್ಪು ಹಾಕದ ಸಾಫ್ಟನರ್ ಸುಮ್ನೆ ಒಂದು ದಪ್ಪ ಪೈಪ್. ಸಣ್ಣ ಯಂತ್ರ ಅಗ್ಗಕ್ಕೆ ಬಂತೆಂದು ತಂದರೆ ದಿನ ಬಿಟ್ಟು ದಿನ ತೊಳೆಯುವ ಕೆಲಸ. ಹಾಕುವುದು ಅಯೋಡಿನ್ ಪುಡಿ ಉಪ್ಪಲ್ಲ, ಶುದ್ಧ ಕಲ್ಲುಪ್ಪು ಅಥವಾ ಸಾಫ್ಟನರ್‌ಗೆಂದೇ ಬರುವ ಮಾತ್ರೆ ಉಪ್ಪು. ನೀರಿನಲ್ಲಿ ಕಬ್ಬಿಣದ ಕೆಂಪು ಕಲೆ ಇದ್ದರೆ ಅದಕ್ಕೆ ಮೊದಲು ಬೇರೆ ಫಿಲ್ಟರ್ ಬೇಕು, ಇಲ್ಲದಿದ್ದರೆ ರೆಸಿನ್ ಹಾಳು.

ಸೋಡಿಯಂ ಮಾತು. ಗಡಸುತನ 100 ತೆಗೆದರೆ ನೀರಿಗೆ 46 ಮಿ.ಗ್ರಾಂ ಸೋಡಿಯಂ ಸೇರುತ್ತದೆ. 500 ತೆಗೆದರೆ 230. ದಿನಕ್ಕೆ ಮೂರು ಲೀಟರ್ ಕುಡಿದರೆ 690 ಮಿ.ಗ್ರಾಂ. ದೊಡ್ಡವರಿಗೆ ದಿನಕ್ಕೆ 2000 ಮಿ.ಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಮೂರನೇ ಒಂದು ಭಾಗ ಬರೀ ನೀರಿನಿಂದಲೇ ಆಗಿಹೋಯಿತು, ಇನ್ನು ಸಾರು, ಉಪ್ಪಿನಕಾಯಿ ಬಾಕಿ ಇದೆ. ಬಿಪಿ ಇರುವವರ ಮನೆಯಲ್ಲಿ ಸಾಫ್ಟನರ್ ನೀರನ್ನು ಹಾಗೇ ಕುಡಿಯುವುದು ಬೇಡ. ಗಿಡಕ್ಕೂ ಬೇಡ, ಮಣ್ಣು ಕೆಡುತ್ತದೆ. ತೊಳೆದ ಉಪ್ಪು ನೀರನ್ನು ಇಂಗುಗುಂಡಿಗೆ ಬಿಡುವುದಂತೂ ಮಹಾ ತಪ್ಪು. ಅದೇ ನೀರನ್ನು ನಾಳೆ ಪಕ್ಕದ ಮನೆಯವರ ಬೋರ್ ಎತ್ತುತ್ತದೆ.

ಚರ್ಮಕ್ಕಾಗಿ ಸಾಫ್ಟನರ್ ಹಾಕಿಸುವವರಿಗೆ ಒಂದು ಮಾಹಿತಿ. ಎಕ್ಜಿಮಾ ಇರುವ 336 ಮಕ್ಕಳ ಮೇಲೆ ಇಂಗ್ಲೆಂಡಿನಲ್ಲಿ ನಡೆದ ಪರೀಕ್ಷೆ 2011ರಲ್ಲಿ ಪ್ರಕಟವಾಯಿತು. ಮನೆಗೆ ಸಾಫ್ಟನರ್ ಹಾಕಿಸಿದ್ದರಿಂದ ಹೆಚ್ಚುವರಿ ಗುಣವೇನೂ ಕಾಣಲಿಲ್ಲ. ಕೂದಲಿನ ಅಂಟು, ಸೋಪಿನ ಜಿಡ್ಡು, ಟೈಲ್ಸಿನ ಬಿಳಿ ಕರೆ ಹೋಗುವುದು ನಿಜ. ಅಷ್ಟಕ್ಕೆ ದುಡ್ಡು ಹಾಕಲು ಮನಸ್ಸಿದ್ದರೆ ಹಾಕಿಸಿ, ಔಷಧಿ ಅಂತ ಬೇಡ.

ನಲ್ಲಿಗೆ, ಶವರಿಗೆ ಸಿಕ್ಕಿಸುವ ಪುಟ್ಟ ಫಿಲ್ಟರ್‌ಗಳಿಗೂ ಮೇಲಿನ ಲೆಕ್ಕವನ್ನೇ ಹಾಕಿ. ಒಳಗೆ 100 ಮಿ.ಲೀ. ರೆಸಿನ್ ಇದೆ ಎಂದುಕೊಂಡರೂ 500 ಗಡಸುತನದ ನೀರು 10 ಲೀಟರ್ ಹರಿಯುವಷ್ಟರಲ್ಲಿ ಅದರ ಶಕ್ತಿ ಮುಗಿಯಿತು. ಅರ್ಧ ಬಕೆಟ್! ಮೂರು ತಿಂಗಳು ಬಾಳಿಕೆ ಎಂದು ಡಬ್ಬಿಯ ಮೇಲೆ ಬರೆದಿರುತ್ತಾರೆ. ಕ್ಲೋರಿನ್ ವಾಸನೆ, ಮಣ್ಣು ತಡೆಯಬಹುದು, ಗಡಸುತನ ಅಲ್ಲ. ಪೈಪಿಗೆ ಆಯಸ್ಕಾಂತ ಕಟ್ಟುವ, ವೈರ್ ಸುತ್ತುವ ಯಂತ್ರಗಳ ಬಗ್ಗೆ ನಂಬಬಹುದಾದ ಪುರಾವೆ ನಾನು ನೋಡಿಲ್ಲ. ದುಡ್ಡು ಉಳಿಸಿಕೊಳ್ಳಿ.

ಆರ್‌ಒ: ಕುಡಿಯಲು ಮಾತ್ರ

ಆರ್‌ಒ ಗಡಸುತನ, ಫ್ಲೋರೈಡ್, ನೈಟ್ರೇಟ್ ಮೂರನ್ನೂ ಬಹುಪಾಲು ತೆಗೆಯುತ್ತದೆ. ಈ ವಿಷಯದಲ್ಲಿ ಮನೆಯಲ್ಲಿಡಬಹುದಾದ ಬೇರೆ ಯಾವ ಯಂತ್ರವೂ ಇದಕ್ಕೆ ಸಾಟಿಯಿಲ್ಲ. ಬೆಲೆಯೂ ಇದೆ: ಒಂದು ಲೀಟರ್ ಒಳ್ಳೆ ನೀರಿಗೆ ಎರಡು ಮೂರು ಲೀಟರ್ ಮೋರಿಗೆ. ದಿನಕ್ಕೆ 20 ಲೀಟರ್ ಬೇಕಿದ್ದರೆ 40ರಿಂದ 60 ಲೀಟರ್ ಹೊರಗೆ. ಅದನ್ನು ನೆಲ ಒರೆಸಲು, ಟಾಯ್ಲೆಟ್‌ಗೆ ಬಳಸಿ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬೇಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಕಾವೇರಿ ನೀರು ಬರುವ ಮನೆಗೆ ಸಾಮಾನ್ಯವಾಗಿ ಯುವಿ (ನೇರಳಾತೀತ ಕಿರಣದ) ಯಂತ್ರ ಸಾಕು. ಯುವಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಲವಣವನ್ನು ಮುಟ್ಟುವುದಿಲ್ಲ.

ಆರ್‌ಒ ಯಂತ್ರದ ಮುಚ್ಚಳ ತೆಗೆದರೆ ಕೆಲವು ಮಾಡೆಲ್‌ಗಳಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ತಿರುಪು ಕಾಣುತ್ತದೆ. ಟಿಡಿಎಸ್ ಕಂಟ್ರೋಲರ್ ಅನ್ನುತ್ತಾರೆ. ನೀರು ತೀರಾ ಸಪ್ಪೆಯಾಗದಿರಲಿ ಎಂದು, ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ತಂದು ಬೆರೆಸುವ ವ್ಯವಸ್ಥೆ ಇದು. ಬರೀ ಗಡಸು ನೀರಿನ ಮನೆಯಲ್ಲಿ ಪರವಾಗಿಲ್ಲ. ಫ್ಲೋರೈಡ್ ಇರುವ ಮನೆಯಲ್ಲಿ, ತೆಗೆದ ಫ್ಲೋರೈಡನ್ನೇ ಮತ್ತೆ ಲೋಟಕ್ಕೆ ಸುರಿದ ಹಾಗೆ. ಸರ್ವಿಸ್‌ಗೆ ಬಂದ ಹುಡುಗನಿಗೆ "ಅದನ್ನು ಪೂರ್ತಿ ಮುಚ್ಚಿಬಿಡಪ್ಪ" ಅನ್ನಿ. ರುಚಿಗೆ ಬೇಕಾದರೆ ಖನಿಜದ ಕಾರ್ಟ್ರಿಜ್ ಇರುವ ಮಾಡೆಲ್ ನೋಡಿ.

ಗಡಸು ನೀರು ಆರ್‌ಒಗೂ ಶತ್ರು. ಮೆಂಬ್ರೇನ್ ಮೇಲೆ ಉಪ್ಪು ಕಟ್ಟಿ ಬೇಗ ಸಾಯುತ್ತದೆ. ಮನೆಯಲ್ಲಿ ಸಾಫ್ಟನರ್ ಹೇಗೂ ಇದ್ದರೆ ಅದರ ನೀರನ್ನೇ ಆರ್‌ಒಗೆ ಕೊಡಿ. ಮೆಂಬ್ರೇನ್ ಹೆಚ್ಚು ಬಾಳುತ್ತದೆ, ಸೋಡಿಯಂ ಕೂಡ ಬಹುತೇಕ ಹೋಗುತ್ತದೆ. ಆದರೆ ಇಡೀ ಮನೆಗೆ ಆರ್‌ಒ ಹಾಕಿಸುವುದು ಹುಚ್ಚು ಖರ್ಚು. ಸ್ನಾನದ ನೀರಿಗಾಗಿ ಎರಡರಷ್ಟು ಬೋರ್ ನೀರನ್ನು ಚರಂಡಿಗೆ ಬಿಡುವುದು ಯಾವ ನ್ಯಾಯ? ಈ ಏರಿಯಾದ ಬೋರ್‌ಗಳು 2024ರ ಬೇಸಿಗೆಯಲ್ಲಿ ಒಣಗಿದ್ದನ್ನು ಮರೆತವರು ಮಾತ್ರ ಅದನ್ನು ಹಾಕಿಸಬಲ್ಲರು.

ಯಂತ್ರ ಬೇಡ ಎಂದರೆ ಶುದ್ಧ ನೀರಿನ ಘಟಕ ಇದೆ. ನಾಣ್ಯ ಹಾಕಿದರೆ 20 ಲೀಟರ್, ಹೆಚ್ಚಿನ ಕಡೆ 5 ಇಲ್ಲಾ 10 ರೂಪಾಯಿ. ದಿನಕ್ಕೊಂದು ಕ್ಯಾನ್ ಎಂದರೂ ತಿಂಗಳಿಗೆ 150ರಿಂದ 300. ಮನೆಗೆ ಬರುವ ಕ್ಯಾನ್ 50 ರೂಪಾಯಿ ಎಂದಿಟ್ಟುಕೊಂಡರೆ ಅದೇ ಲೆಕ್ಕ 1500, ವರ್ಷಕ್ಕೆ 18,000. ಒಂದು ಆರ್‌ಒ ಯಂತ್ರದ ದುಡ್ಡು ಒಂದೇ ವರ್ಷದಲ್ಲಿ ಹೋಯಿತು. ನನ್ನ ಮತ ಕೇಳಿದರೆ, ಘಟಕ ನಡೆದು ಹೋಗುವ ದೂರದಲ್ಲಿದ್ದು ಅದರ ನಿರ್ವಹಣೆ ಚೆನ್ನಾಗಿದ್ದರೆ ಅದನ್ನು ಮೀರಿಸಿದ್ದು ಇಲ್ಲ. ನಿರ್ವಹಣೆ ತಿಳಿಯಲು ಇಲ್ಲಿ ಟಿಡಿಎಸ್ ಮೀಟರ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ: ಕಳೆದ ತಿಂಗಳು 80 ಇದ್ದದ್ದು ಈಗ 350 ಅಂದರೆ ಮೆಂಬ್ರೇನ್ ಹೋಗಿದೆ. ಬಿಸಿಲಿಗೆ ಬಣ್ಣ ಹೋದ, ಒಳಗೆ ಪಾಚಿ ಹಸಿರು ಕಾಣುವ ಕ್ಯಾನ್ ಯಾರದ್ದೇ ಆಗಲಿ, ವಾಪಸ್ ಕಳಿಸಿ.

ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಗಡಸುತನದ ಒಂದು ಭಾಗ ಪಾತ್ರೆಯ ತಳಕ್ಕೆ ಬಿಳಿ ಪುಡಿಯಾಗಿ ಕೂರುತ್ತದೆ. ಫ್ಲೋರೈಡ್, ನೈಟ್ರೇಟ್ ಮಾತ್ರ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅವು ಹೆಚ್ಚಾಗುತ್ತವೆ.

ಮಳೆನೀರು

ಎಲ್ಲಕ್ಕಿಂತ ಮೆದುವಾದ ನೀರು ನಮ್ಮ ತಾರಸಿ ಮೇಲೆ ಬಿದ್ದು ಮೋರಿಗೆ ಹೋಗುತ್ತಿದೆ. 100 ಚದರ ಮೀಟರ್ ತಾರಸಿ ಮೇಲೆ 1 ಮಿ.ಮೀ. ಮಳೆ ಎಂದರೆ 100 ಲೀಟರ್. ಒಂದು ಸಂಜೆ 20 ಮಿ.ಮೀ. ಹೊಡೆದರೆ 2000, ಅಲ್ಲಿ ಇಲ್ಲಿ ಹೋಗಿದ್ದು ಕಳೆದರೂ 1600 ಲೀಟರ್ ಸಂಪಿಗೆ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 970 ಮಿ.ಮೀ. ಹಾಗಾಗಿ ಒಂದು ಸಾಮಾನ್ಯ ಮನೆಗೆ 75,000 ಲೀಟರ್ ಹತ್ತಿರ ಸಿಗಬಹುದು. ಎಲ್ಲವನ್ನೂ ಹಿಡಿದಿಡುವಷ್ಟು ಸಂಪ್ ಯಾರ ಮನೆಯಲ್ಲೂ ಇರುವುದಿಲ್ಲ ಬಿಡಿ. ಆದರೂ ಮೇಯಿಂದ ಅಕ್ಟೋಬರ್‌ವರೆಗೆ ಬೋರ್ ನೀರಿಗೆ ಬೆರೆಸಿಕೊಂಡರೆ ಸಾಕಷ್ಟಾಯಿತು. 500 ಗಡಸುತನದ ನೀರಿಗೆ ಅಷ್ಟೇ ಮಳೆನೀರು ಸೇರಿದರೆ 250. ಉಪ್ಪೂ ಬೇಡ, ರೆಸಿನ್ನೂ ಬೇಡ.

ಮೊದಲ ಮಳೆಯನ್ನು ಹೊರಗೆ ಬಿಡಬೇಕು, ತಾರಸಿ ಗುಡಿಸಿರಬೇಕು, ಪೈಪಿಗೆ ಫಿಲ್ಟರ್ ಬೇಕು. ಹೇಗೆ ಎಂದು ಕಣ್ಣಾರೆ ನೋಡಲು ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಪಾರ್ಕ್ ಇದೆ. ಇನ್ನು ಅಡುಗೆಮನೆಯ ಮಾತು: ತೊಗರಿಬೇಳೆ ಬೇಯಿಸಲು ಮಳೆನೀರಿನಷ್ಟು ಒಳ್ಳೆಯದು ಇಲ್ಲ. ಬೇಳೆಯನ್ನು ಒಳಗಿಂದ ಅಂಟಿನಂತೆ ಹಿಡಿದಿರುವ ಪೆಕ್ಟಿನ್ ಜೊತೆ ಕ್ಯಾಲ್ಸಿಯಂ ಸೇರಿ ಕಾಳು ಬಿಗಿಯಾಗುವುದರಿಂದಲೇ ಬೋರ್ ನೀರಲ್ಲಿ ಕುಕ್ಕರ್ ಎಷ್ಟು ಕೂಗಿದರೂ ಬೇಳೆ ಕಾಳು ಕಾಳಾಗಿ ಉಳಿಯುವುದು. ಮಳೆನೀರು ಇಲ್ಲದಿದ್ದರೆ ಬೇಳೆಗೆ ಮಾತ್ರ ಆರ್‌ಒ ನೀರು ಹಾಕಿ ನೋಡಿ.

ಬೆಂಗಳೂರಿಗೆ ನದಿ ನೀರು ತರುವ ಕಾವೇರಿ ಯೋಜನೆಯ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾದ ಮೇಲೆ ಹೊರವಲಯದ 110 ಹಳ್ಳಿಗಳ ಕಡೆ ಲೈನ್ ಬರುತ್ತಿದೆ. ನಿಮ್ಮ ಬೀದಿಗೂ ಬರಲಿದ್ದರೆ ದೊಡ್ಡ ಯಂತ್ರಕ್ಕೆ ಈಗಲೇ ದುಡ್ಡು ಸುರಿಯಬೇಡಿ. ಬಂದ ಮೇಲೆ ಬೋರ್ ನೀರನ್ನೂ ಕಾವೇರಿಯನ್ನೂ ಒಂದೇ ಸಂಪಿಗೆ ಬಿಡಬೇಡಿ. ಟ್ಯಾಂಕರ್ ನೀರಂತೂ ಇನ್ಯಾವುದೋ ಬೋರ್‌ನದು. ಒಂದು ಲೋಡ್ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ.

ಗೀಸರ್, ಸೋಲಾರ್, ವಾಷಿಂಗ್ ಮಷಿನ್

ನೀರು ಬಿಸಿಯಾದಷ್ಟೂ ಉಪ್ಪು ಬೇಗ ಕಟ್ಟುತ್ತದೆ. ಗೀಸರನ್ನು 50–55 ಡಿಗ್ರಿಗೆ ಇಟ್ಟರೆ ಕಾಯಿಲ್ ಹೆಚ್ಚು ದಿನ ಬಾಳುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ, ಕಾಯಿಲ್ ಜೊತೆಗೆ ಒಳಗಿನ ಮೆಗ್ನೀಸಿಯಂ ರಾಡ್ ಸವೆದಿದೆಯಾ ನೋಡಿಸಿ. ಅದು ಮುಗಿದ ಮೇಲೆ ತುಕ್ಕು ಟ್ಯಾಂಕನ್ನೇ ತಿನ್ನಲು ಶುರು. ಸೋಲಾರ್ ಕೊಳ್ಳುವವರು ಗಡಸು ನೀರಿಗೆ ಗಾಜಿನ ಕೊಳವೆಯದ್ದನ್ನೇ ಆರಿಸಿ. ಚಪ್ಪಟೆ ಪ್ಯಾನೆಲ್‌ನ ಸಣ್ಣ ತಾಮ್ರದ ಪೈಪುಗಳು ಬೇಗ ಕಟ್ಟಿಕೊಳ್ಳುತ್ತವೆ. ಅದೇ ಬೇಕೆಂದರೆ, ಬೋರ್ ನೀರು ಆ ಪೈಪುಗಳೊಳಗೆ ಹೋಗದೆ ಬೇರೆಯಾಗಿ ಬಿಸಿಯಾಗುವ ಹೀಟ್ ಎಕ್ಸ್‌ಚೇಂಜರ್ ಇರುವುದನ್ನು ನೋಡಿ. ವಾಷಿಂಗ್ ಮಷಿನ್‌ಗೆ, ನಲ್ಲಿಗೆ ಕಟ್ಟಿದ್ದನ್ನು ಬಿಡಿಸಲು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಡಿಶ್‌ವಾಷರ್‌ಗಳಲ್ಲಿ ಪುಟ್ಟ ಸಾಫ್ಟನರ್ ಒಳಗೇ ಇರುತ್ತದೆ, ನಿಮ್ಮ ಗಡಸುತನದ ಅಂಕಿಯನ್ನು ಅದರಲ್ಲಿ ಸೆಟ್ ಮಾಡಿ ಉಪ್ಪು ತುಂಬಿಸಿ.

ಅಂಕಿ ಹಿಡಿದು ಆರಿಸುವುದಾದರೆ ನನ್ನ ಲೆಕ್ಕ ಹೀಗೆ. ಗಡಸುತನ 200ರೊಳಗೆ ಇದ್ದರೆ ಏನೂ ಕೊಳ್ಳಬೇಡಿ. 200ರಿಂದ 400: ನಿಂಬೆ ಉಪ್ಪು, ಮಳೆನೀರು, ಗೀಸರ್ ಸರ್ವಿಸ್, ಸಾಫ್ಟನರ್ ನಿಮ್ಮಿಷ್ಟ. 400 ದಾಟಿದರೆ ಸಾಫ್ಟನರ್ ಹಾಕಿದ ದುಡ್ಡಿಗೆ ಸಾರ್ಥಕ. ನೀರು ನಾಲಿಗೆಗೇ ಉಪ್ಪು ಅನಿಸಿದರೆ ಸಾಫ್ಟನರ್ ಅದನ್ನು ಸರಿ ಮಾಡುವುದಿಲ್ಲ. ಕುಡಿಯುವ ನೀರಿನ ತೀರ್ಮಾನ ಲ್ಯಾಬ್ ವರದಿ ನೋಡಿ, ಇದರಿಂದ ಬೇರೆಯಾಗಿಯೇ.

ಅಪಾರ್ಟ್‌ಮೆಂಟಿನಲ್ಲಿ ದೊಡ್ಡ ಸಾಫ್ಟನರ್ ಇದ್ದೂ ನಲ್ಲಿಗೆ ಉಪ್ಪು ಕಟ್ಟುತ್ತಿದ್ದರೆ, ಉಪ್ಪು ಕೊಂಡ ಬಿಲ್ ಕೇಳುವ ಮೊದಲು ನಿಮ್ಮ ನಲ್ಲಿ ನೀರನ್ನು ಹನಿ ಕಿಟ್‌ನಲ್ಲಿ ನೋಡಿ, ಅಂಕಿ ಹಿಡಿದು ಅಸೋಸಿಯೇಷನ್ ಮೀಟಿಂಗಿಗೆ ಹೋಗಿ. ಗಡಸುತನವನ್ನು ಸೊನ್ನೆಗೆ ಇಳಿಸಿ ಎಂದೂ ಹಠ ಮಾಡಬೇಡಿ. ಬೈಪಾಸ್ ವಾಲ್ವ್‌ನಿಂದ ಸ್ವಲ್ಪ ಬೋರ್ ನೀರು ಬೆರೆಸಿ 100ರ ಆಸುಪಾಸು ಇಟ್ಟರೆ ಉಪ್ಪಿನ ಖರ್ಚೂ ಉಳಿಯುತ್ತದೆ, ಮೈಯಿಂದ ಸೋಪೂ ಹೋಗುತ್ತದೆ. ಸ್ವಂತ ಮನೆ ಕಟ್ಟುತ್ತಿರುವವರು ಪ್ಲಂಬಿಂಗ್ ಹಂತದಲ್ಲೇ ಎರಡು ಲೈನ್ ಎಳೆಸಿ: ಸಾಫ್ಟನರ್ ದಾಟಿದ್ದು ಬಚ್ಚಲಿಗೆ, ಗೀಸರಿಗೆ, ಮಷಿನ್‌ಗೆ, ದಾಟದ್ದು ಫ್ಲಶ್‌ಗೆ, ಗಿಡಕ್ಕೆ, ಅಂಗಳಕ್ಕೆ. ಟೈಲ್ಸ್ ಹಾಕಿದ ಮೇಲೆ ಇದನ್ನು ಮಾಡಲು ಹೋದರೆ ಗೋಡೆ ಒಡೆಯಬೇಕಾಗುತ್ತದೆ.